ಗಂಗಾ ಹೈಬ್ರಿಡ್‌ನಲ್ಲಿದ್ದಾಳೆ

ಹಾಲಗುಂಡಿ ಶಾಲೆಯ ಮಕ್ಕಳೆಲ್ಲರೂ ಕಲಿಕೆಗೆ ಮರಳಿದ್ದಾರೆ ಎಂಬುದು ದಾಖಲೆಯಿಂದ ಸಾಬೀತಾದ ಸಂಗತಿ. ಅವರಲ್ಲಿ ಹದಿನಾಲ್ಕು ಮಕ್ಕಳು ಶಾಲೆಯಲ್ಲಿ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಕಾಣುವುದಕ್ಕೂ ಹಾಜರಿಗೂ ಸಂಬಂಧವಿಲ್ಲವೆಂದು ಶಾಲಾ ಪುನರಾಗಮನ ಕೋಶ ಮೊದಲೇ ಸ್ಪಷ್ಟಪಡಿಸಿತ್ತು.

ಕುಷ್ಟಗಿ ಸೀಮೆಯ ಈ ಊರಿನ ಶಾಲೆಗೆ ಸಾಂಕ್ರಾಮಿಕ ರೋಗದ ಭಯಕ್ಕೆ ಬೀಗ ಬಿದ್ದು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನವೂ ಪಾಠಗಳು ಮೊಬೈಲಿನಲ್ಲಿ ತಪ್ಪದೆ ಬಂದವು. ಮೊಬೈಲು ಮಾತ್ರ ಮನೆಗಳಿಗೆ ಬರಲಿಲ್ಲ. ಬೀಗ ತೆಗೆದ ದಿನ ಶಾಂಭವಿ ಟೀಚರು ತಾವೇ ಕೋಣೆ ಗುಡಿಸಿ, ನಾಲ್ಕನೇ ತರಗತಿಯ ಗಂಗಾಳ ಕೈಗೆ ಪುಸ್ತಕ ಕೊಟ್ಟರು. ಎರಡನೇ ತರಗತಿಯಲ್ಲಿದ್ದಾಗ ಗೋಡೆಯ ಜಾಹೀರಾತು, ಬೆಂಕಿಪೊಟ್ಟಣ ಒಂದನ್ನೂ ಬಿಡದೆ ಓದುತ್ತಿದ್ದ ಹುಡುಗಿ ಅವಳು. ಈಗ “ಅಜ್ಜಿ” ಎಂಬಲ್ಲಿ ಒತ್ತಕ್ಷರಕ್ಕೆ ಬಂದು ನಿಂತವಳು ಮುಂದೆ ಹೋಗಲಿಲ್ಲ.

“ಮರ್ತೀನ್ರಿ ಟೀಚರ್,” ಎಂದು ನಕ್ಕಳು.

ಶಾಂಭವಿ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿದರು. “ದಿನಾ ಬಾ. ಎರಡ ತಿಂಗಳದಾಗ ಮೊದ್ಲಿನಂಗ ಓದಸ್ತೀನಿ,” ಎಂದರು.

ದಿನಾ ಬಾ ಎನ್ನುವುದು ನಿಯಮಬಾಹಿರವಾಗಿತ್ತು. ಮರುದಿನವೇ ಕೋಶದ ಸುತ್ತೋಲೆ ಬಂತು:

“ಮಕ್ಕಳು ದಿನ ಬಿಟ್ಟು ದಿನ ಶಾಲೆಗೆ ಬರತಕ್ಕದ್ದು. ಬಾರದ ದಿನ ಹೈಬ್ರಿಡ್‌ನಲ್ಲಿ ಇರತಕ್ಕದ್ದು. ಹೈಬ್ರಿಡ್ ಎಂದರೇನೆಂದು ಕೋಶಕ್ಕೆ ಪತ್ರ ಬರೆಯತಕ್ಕದ್ದಲ್ಲ. ಆಯಾ ಊರಿನಲ್ಲಿ ರೂಢಿಯಲ್ಲಿರುವ ಅರ್ಥವನ್ನೇ ಇಟ್ಟುಕೊಳ್ಳತಕ್ಕದ್ದು.”

ಹಾಲಗುಂಡಿಯಲ್ಲಿ ಹೈಬ್ರಿಡ್ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರ ಸುತ್ತ ಕಂಪನಿಗಳ ಬೀಜಕ್ಕಾಗಿಯೇ ಟೊಮ್ಯಾಟೊ, ಬದನೆ ಬೆಳೆಯುವ ಹೊಲಗಳಿವೆ. ಅಲ್ಲಿ ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಹೂವಿಗೆ ಕೈಯಿಂದಲೇ ಮುಟ್ಟಿಸಬೇಕು. ಬೆರಳು ಸಣ್ಣವಿದ್ದಷ್ಟೂ ಹೂವಿಗೆ ಪೆಟ್ಟಾಗುವುದಿಲ್ಲ ಎಂದು ಹೊಲದವರು ಮಕ್ಕಳನ್ನು ಪ್ರೀತಿಯಿಂದ ಕರೆಯುತ್ತಾರೆ. ಈ ಕೂಲಿಗೆ ಹೋಗುವುದಕ್ಕೇ ಊರವರು ಹೈಬ್ರಿಡ್‌ಗೆ ಹೋಗುವುದು ಎನ್ನುತ್ತಾರೆ.

ಒಂದು ವಾರ ಗಂಗಾ ಬರಲಿಲ್ಲ. ಅಷ್ಟರಲ್ಲಿ ಕೋಶದ ಸಮೀಕ್ಷಕ ಕಲ್ಲೇಶ ನಮೂನೆಗಳ ಕಟ್ಟು ಹಿಡಿದು ಬಂದ. ಶಾಂಭವಿ ಅವನನ್ನು ನೇರ ಗಂಗಾಳ ಮನೆಗೆ ಕರೆದೊಯ್ದರು. ತಾಯಿ ಕಸ್ತೂರೆಮ್ಮ ಹಿಟ್ಟು ನಾದುತ್ತಿದ್ದಳು.

“ಮಗಳು ಎಲ್ಲಿ ಹೋಗ್ಯಾಳ್ರಿ ಅಕ್ಕಾರ?” ಎಂದ ಕಲ್ಲೇಶ.

“ಹೈಬ್ರಿಡ್‌ಗೆ ಹೋಗ್ಯಾಳ್ರಿ.”

ಕಲ್ಲೇಶ ಸಂತೋಷದಿಂದ ನಮೂನೆಯ ಹೈಬ್ರಿಡ್ ಕಾಲಮಿನಲ್ಲಿ ‘ಹೌದು’ ಎಂಬುದರ ಮುಂದೆ ಗುರುತು ಹಾಕಿದ.

“ತಡೀರಿ ಕಲ್ಲೇಶ, ಆಕಿ ಹೊಲಕ್ಕ ಹೋಗ್ಯಾಳ. ಕೂಲಿಗೆ!” ಎಂದರು ಶಾಂಭವಿ.

“ನಮೂನೆದಾಗ ಹೊಲ ಅಂತ ಕಾಲಂ ಇಲ್ರಿ ಮೇಡಂ. ಹೈಬ್ರಿಡ್ ಐತಿ. ಹಡದ ತಾಯಿ ಬಾಯಿಂದನ ಬಂದೈತಲ್ರಿ, ಇನ್ನೇನ್ ಬೇಕ್ರಿ?”

ಶಾಂಭವಿ ಅವನನ್ನು ಬಿಟ್ಟು ಕಸ್ತೂರೆಮ್ಮನ ಕಡೆ ತಿರುಗಿದರು. “ನಾಳಿಂದ ಸಾಲಿಗೆ ಕಳಸ್ರಿ. ಹುಡುಗಿ ಓದೂದು ಮರ್ತಾಳ.”

“ಕಳಸೂದೇನ ಕಳಸ್ತಿದ್ನಿರಿ,” ಎಂದಳು ಕಸ್ತೂರೆಮ್ಮ, ಹಿಟ್ಟಿನಿಂದ ಕೈ ತೆಗೆಯದೆ. “ನೀವು ಒಂದಿನ ಬಾ ಅಂತೀರಿ, ಒಂದಿನ ಬ್ಯಾಡ ಅಂತೀರಿ. ಹೊಲದವ್ರು ದಿನಾ ಬಾ ಅಂತಾರ. ಒಂದಿನ ತಪ್ಪಿದ್ರ ಮತ್ತ ಕರಿಯಂಗಿಲ್ಲ.”

ಶಾಂಭವಿ ಅಲ್ಲಿಂದ ನೇರ ಶಾಲೆಗೆ ಬಂದರು.

ಅವರು ಸಿಟ್ಟಿನಿಂದ ಕೋಶಕ್ಕೆ ಪತ್ರ ಬರೆದರು. ಹದಿನಾಲ್ಕು ಮಕ್ಕಳು ಕೂಲಿಗೆ ಹೋಗುತ್ತಿದ್ದಾರೆ, ಅಕ್ಷರ ಮರೆತಿದ್ದಾರೆ, ಶಾಲೆಯನ್ನು ದಿನವೂ ನಡೆಸಲು ಅನುಮತಿ ಕೊಡಿ ಎಂದರು. ಸಾಮಾನ್ಯವಾಗಿ ಆರು ತಿಂಗಳಿಗೆ ಬರುವ ಉತ್ತರ ಮೂರೇ ದಿನಕ್ಕೆ ಬಂತು. “ಕೂಲಿ ಎಂಬ ಪದ ನಮ್ಮ ತಂತ್ರಾಂಶದಲ್ಲಿ ಇಲ್ಲದ ಕಾರಣ ಅಂಥ ಮಕ್ಕಳು ಇರಲಾರರು. ದಿನ ಬಿಟ್ಟು ದಿನ ಎಂಬ ರಿಯಾಯಿತಿಯನ್ನೂ ಬಳಸದೆ ದಿನನಿತ್ಯ ಹೈಬ್ರಿಡ್‌ನಲ್ಲಿರುವ ಹದಿನಾಲ್ಕು ಮಕ್ಕಳ ಉತ್ಸಾಹ ಶ್ಲಾಘನೀಯ. ತಮ್ಮ ಶಾಲೆಯನ್ನು ಹೈಬ್ರಿಡ್ ಮಾದರಿ ಶಾಲೆ ಎಂದು ಆಯ್ಕೆ ಮಾಡಲಾಗಿದೆ. ಕಲಿಕಾ ಮಟ್ಟ ಪರೀಕ್ಷಿಸಲು ಅಧಿಕಾರಿಗಳು ಆಗಮಿಸಲಿದ್ದಾರೆ.”

ಕೊನೆಯ ಸಾಲು ಓದಿ ಶಾಂಭವಿಗೆ ಜೀವ ಬಂದಂತಾಯಿತು. ಹುಡುಗಿಗೆ ಓದಲು ಬರುವುದಿಲ್ಲ ಎಂಬುದನ್ನು ಅಧಿಕಾರಿ ಕಣ್ಣಾರೆ ನೋಡಿದರೆ ಸಾಕು, ದಿನವೂ ಶಾಲೆಗೆ ಕಳಿಸಿ ಎಂದು ಆದೇಶ ಹೊರಡಲೇಬೇಕು. ಪರೀಕ್ಷೆಯ ದಿನ ಕಸ್ತೂರೆಮ್ಮನನ್ನು ಕಾಡಿ ಬೇಡಿ ಒಂದು ಹೊತ್ತಿನ ಮಟ್ಟಿಗೆ ಗಂಗಾಳನ್ನು ಶಾಲೆಗೆ ಕರೆತಂದರು.

ಅಧಿಕಾರಿ ಗುರುಬಸವ ಸಾಹೇಬರು ಹಾರ ಹಾಕಿಸಿಕೊಂಡು ಕೂತರು. ಗಂಗಾ ಎದುರು ನಿಂತಳು. ಅವಳ ಬೆರಳ ತುದಿಗಳು ಹಳದಿಯಾಗಿದ್ದವು.

“ಹೈಬ್ರಿಡ್‌ನ್ಯಾಗ ಏನ್ ಕಲ್ತಿ ಅವ್ವಿ?”

“ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಹಚ್ಚತೀವ್ರಿ. ಹಚ್ಚಿದ್ದು ಗುರ್ತು ಸಿಗಲಿ ಅಂತ ದಾರ ಕಟ್ಟತೀವ್ರಿ.”

“ಪರಾಗಸ್ಪರ್ಶ!” ಎಂದು ಸಾಹೇಬರು ಬೆರಗಾದರು. “ಇದು ಹೈಸ್ಕೂಲ್ ಪಾಠ. ಅದೂ ಪ್ರಾಯೋಗಿಕ!”

“ಸರ್, ಆಕಿಗೆ ಓದಾಕ ಬರಂಗಿಲ್ರಿ,” ಎಂದರು ಶಾಂಭವಿ. “ನೀವ ಓದಿಸಿ ನೋಡ್ರಿ.”

ಸಾಹೇಬರು ಸುತ್ತ ನೋಡಿದರು. ಪುಸ್ತಕಗಳೆಲ್ಲ ಮೇಜಿನ ಕಾಲು ಸರಿಮಾಡಲು ಹೋಗಿದ್ದವು. ಗೋಡೆಗೆ ಆ ದಿನಕ್ಕೆಂದೇ ಕಟ್ಟಿದ್ದ ಬ್ಯಾನರ್ ಕಡೆ ಬೆರಳು ತೋರಿಸಿದರು. ಗಂಗಾ ಕತ್ತೆತ್ತಿದಳು.

“ಹೈಬ್ರಿಡ್,” ಎಂದಳು, ಒಂದೇ ಉಸಿರಿಗೆ, ಒತ್ತಕ್ಷರ ಸಮೇತ. ಮುಂದಿನ ಪದಕ್ಕೆ “ಮಾ... ದ...” ಎಂದು ತಡವರಿಸಿ ನಿಂತಳು.

“ಸಾಕು ಸಾಕು! ಎಲ್ಲಿ ಕಲ್ತಿ ಇದನ್ನ?”

“ಹೊಲದ ಬೋರ್ಡಿಗೆ ಬರದೈತ್ರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಕಸ್ತೂರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ನನ್ ಮಗಳು ಓದಿದ್ಳ ನೋಡ್ರಿ ಟೀಚರ್!” ಎಂದಳು. ಶಾಂಭವಿ ಆ ತಾಯಿಯ ಮುಖ ನೋಡಿ ತಾವೂ ಚಪ್ಪಾಳೆ ತಟ್ಟಿದರು.

ವರದಿ ಅಲ್ಲಿಯೇ ಸಿದ್ಧವಾಯಿತು. ಓದುವ ಸಾಮರ್ಥ್ಯ ಹೈಬ್ರಿಡ್ ಮಟ್ಟಕ್ಕೆ ತೃಪ್ತಿಕರ. ಇಂಥ ಮಕ್ಕಳನ್ನು ಶಾಲೆಗೆ ಕರೆತಂದು ಅವರ ಕಲಿಕೆಗೆ ಅಡ್ಡಿಪಡಿಸತಕ್ಕದ್ದಲ್ಲ. ಇಂದು ಅಡ್ಡಿಪಡಿಸಿದ್ದೇಕೆಂದು ಶಿಕ್ಷಕಿ ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.

ಮರುದಿನ ಬೆಳಿಗ್ಗೆ ಶಾಂಭವಿ ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದರು. ಗಂಗಾ ಎಂದಾಗ ಕೋಣೆಯಲ್ಲಿದ್ದ ಮಕ್ಕಳೆಲ್ಲ ಒಂದೇ ದನಿಯಲ್ಲಿ, “ಹೈಬ್ರಿಡ್‌ನ್ಯಾಗ ಅದಾಳ್ರಿ ಟೀಚರ್!” ಎಂದರು. ಯಾರೂ ನಗಲಿಲ್ಲ. ಶಾಂಭವಿ ಹಾಜರಿ ಹಾಕಿ ಮುಂದಿನ ಹೆಸರು ಕೂಗಿದರು.