ಸೇಫ್ಟಿ ಸಾರ್ ಅವರ ಎಡಗೆನ್ನೆ

ಅವತ್ತು ಬಸ್ಸು ಕೊಂಚ ತಡವಾಗಿ ಬಂದಿದ್ದರೆ ಬಲಗೆನ್ನೆಗೂ ಅದೇ ಗತಿಯಾಗುತ್ತಿತ್ತು.

ಕ್ರೀಮು, ಪೌಡರು, ಲಿಪ್‌ಸ್ಟಿಕ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವರು ಸುರಕ್ಷತಾ ಪರೀಕ್ಷಕರು. ತಯಾರಾದ ಮಾಲಿನಿಂದ ಯಾರ ಚರ್ಮಕ್ಕೂ ಉರಿ, ತುರಿಕೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ರುಜು ಹಾಕುವುದು ಅವರ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ‘ಸೇಫ್ಟಿ ಸಾರ್’. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಊರಿನವರ ಚರ್ಮದ ಬಗ್ಗೆ ಇಷ್ಟು ಕಾಳಜಿ ಇದ್ದ ಈ ಮನುಷ್ಯ ತಮ್ಮ ಮುಖಕ್ಕೆ ಮಾತ್ರ ನೀರು ಬಿಟ್ಟು ಬೇರೇನನ್ನೂ ತೋರಿಸಿದವರಲ್ಲ.

ಹೊಸ ಕ್ರೀಮಿಗೆ ಅನುಮತಿ ಕೊಡಲು ಅವತ್ತು ಇಲಾಖೆಯ ಇನ್‌ಸ್ಪೆಕ್ಟರ್ ಬರುವವರಿದ್ದರು. ಮನೆಗೆ ಬಂದಿದ್ದ ನಾದಿನಿಗೆ ಈ ಸಂಗತಿ ಗೊತ್ತಾಗಿದ್ದೇ ತಪ್ಪಾಯಿತು.

“ಭಾವ, ಈ ಮುಖ ಇಟ್ಕೊಂಡು ಕ್ರೀಮ್ ಕಂಪನಿ ಅಂದ್ರೆ ಯಾರು ನಂಬ್ತಾರೆ? ಸ್ವಲ್ಪ ಇಲ್ಲಿ ತಿರುಗಿ,” ಎಂದು ಬಟ್ಟಲು ಹಿಡಿದು ಬಂದಳು.

“ಏನಮ್ಮ ಅದು?”

“ನಿಂಬೆರಸ, ದಾಲ್ಚಿನ್ನಿ ಪುಡಿ, ಇನ್ನೂ ಏನೇನೋ. ಫೋನಲ್ಲಿ ನೋಡಿ ಕಲ್ತಿದ್ದು. ನಿಮ್ಮ ಕಾರ್ಖಾನೆ ಥರ ಕೆಮಿಕಲ್ ಇಲ್ಲ, ಎಲ್ಲಾ ಅಡುಗೆಮನೇದು.”

“ನಿಂಬೆಹಣ್ಣಲ್ಲಿ ಇರೋದೂ ಕೆಮಿಕಲ್ಲೇ ಕಣಮ್ಮ,” ಎಂದು ಸೇಫ್ಟಿ ಸಾರ್ ಪಾಠ ಶುರುಮಾಡಿದರು. ಬಾಯಿ ಪಾಠದಲ್ಲಿ, ಕೈ ಶೂ ಲೇಸಿನಲ್ಲಿ ಇದ್ದಾಗ ಅವಳು ಎಡಗೆನ್ನೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿಬಿಟ್ಟಳು. ಬಲಗೆನ್ನೆಗೆ ಕೈ ಬರುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಬಸ್ಸಿನಲ್ಲಿ ಕರ್ಚೀಫಿನಿಂದ ಒರೆಸಿಕೊಂಡರು. ಮೊದಲು ತಂಪೆನಿಸಿತು. ಆಮೇಲೆ ಚುರುಗುಟ್ಟಿತು. ಇಳಿಯುವ ಹೊತ್ತಿಗೆ ಎಡಗೆನ್ನೆ ಕಾದ ಹೆಂಚಿನಂತೆ ಕೆಂಪಾಗಿ ಉಬ್ಬಿತ್ತು. ಕಂಡಕ್ಟರ್ ಹತ್ತಿರ ಬಂದು ಮೆಲ್ಲಗೆ, “ಮನೇಲಾ ಸಾರ್?” ಎಂದು ಕೇಳಿದ. ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. ಬಲಗೆನ್ನೆಯನ್ನು ಅವನ ಕಡೆ ತಿರುಗಿಸಿಕೊಂಡು ಇಳಿದರು.

ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕಣ್ಣರಳಿಸಿ, “ಹೊಸ ಕ್ರೀಮಾ ಸಾರ್?” ಎಂದ.

“ಅಲ್ಲಪ್ಪ, ನಾದಿನಿ.”

ವಾಚ್‌ಮನ್‌ಗೆ ತನ್ನ ಪ್ರಶ್ನೆಯೇ ಉತ್ತರವಾಗಿ ಕಂಡಿತು. ಸೇಫ್ಟಿ ಸಾರ್ ಮೆಟ್ಟಿಲು ಹತ್ತುವುದರೊಳಗೆ ಸುದ್ದಿ ಅವರಿಗಿಂತ ಮೊದಲು ಮಹಡಿ ಸೇರಿತ್ತು. ಪ್ಯಾಕಿಂಗ್ ವಿಭಾಗದ ಹೆಂಗಸರೆಲ್ಲ ನಲ್ಲಿಯ ಮುಂದೆ ಸಾಲಾಗಿ ನಿಂತು ಮುಖ ತೊಳೆಯುತ್ತಿದ್ದರು. ಹೊಸ ಕ್ರೀಮನ್ನು ಯಾರೂ ಮುಟ್ಟಿಲ್ಲ ಎಂದು ಹಿಂದಿನ ದಿನವಷ್ಟೇ ಆ ಹೆಂಗಸರೇ ಹೇಳಿದ್ದರು.

ಆ ಕ್ರೀಮಿನ ಡಬ್ಬಿ ತುಂಬ ಏನೇನಿಲ್ಲ ಎಂಬುದರ ವಿವರವೇ ಇತ್ತು. ಸಲ್ಫೇಟ್ ಇಲ್ಲ, ಪ್ಯಾರಾಬೆನ್ ಇಲ್ಲ, ಬಣ್ಣ ಇಲ್ಲ, ಪರಿಮಳ ಇಲ್ಲ. ಈಗ ಅದೇ ಫ್ಯಾಷನ್. ಕೆಡದಂತೆ ಹಾಕುವುದನ್ನೂ ತೆಗೆದುಬಿಡಿ ಎಂದು ಸೇಲ್ಸ್ ಮುಖ್ಯಸ್ಥ ಹಟ ಹಿಡಿದಿದ್ದ. “ತೆಗೆದ್ರೆ ಬೂಷ್ಟು ಬರುತ್ತೆ. ‘ನೈಸರ್ಗಿಕ ಬೂಷ್ಟು ಇದೆ’ ಅಂತ ಬರೀತೀರಾ?” ಎಂದು ಸೇಫ್ಟಿ ಸಾರ್ ಕೇಳಿದ್ದರು. ಸೇಲ್ಸ್ ಮುಖ್ಯಸ್ಥ ಅದನ್ನು ಗಂಭೀರವಾಗಿ ಯೋಚಿಸಿದ್ದ.

ಮ್ಯಾನೇಜರ್ ಆ ಕೆನ್ನೆ ನೋಡಿ ಕುರ್ಚಿಗೆ ಕುಸಿದರು. “ವರ್ಷದಲ್ಲಿ ಬೇರೆ ದಿನ ಇರ್ಲಿಲ್ವೇನ್ರೀ ನಿಮಗೆ?”

“ಇದು ನಮ್ಮ ಕ್ರೀಮ್ ಅಲ್ಲ ಸಾರ್. ನಮ್ಮ ನಾದಿನಿ ಮನೇಲಿ ಕಲಸಿದ್ದು…”

“ಕ್ರೀಮು ಪರೀಕ್ಷೆ ಮಾಡೋನು ಊದಿದ ಕೆನ್ನೆ ತಗೊಂಡು ಬಂದು ನಾದಿನಿ ಅಂದ್ರೆ ಇನ್‌ಸ್ಪೆಕ್ಟರ್ ನಂಬ್ತಾರಾ? ಲೈಸೆನ್ಸ್ ಹೋಗುತ್ತೆ, ನನ್ನ ಕೆಲಸ ಹೋಗುತ್ತೆ. ಅದಕ್ಕೆ ಮುಂಚೆ ನಿಮ್ಮದು ಹೋಗಿರುತ್ತೆ.”

ಸೇಫ್ಟಿ ಸಾರ್ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡರು. ಇಷ್ಟು ವರ್ಷ ಒಂದೂ ಸುಳ್ಳು ರುಜು ಹಾಕದವರ ಮಾನ ಅಂಗೈಯಗಲದ ಕೆನ್ನೆಯಲ್ಲಿ ಹೋಗುವುದರಲ್ಲಿತ್ತು.

“ಎರಡೂ ಕೆನ್ನೆ ಒಂದೇ ಬಣ್ಣ ಇದ್ರೆ ಯಾರೂ ಕೇಳಲ್ಲ,” ಎಂದ ಸೇಲ್ಸ್ ಮುಖ್ಯಸ್ಥ. ಅದು ಎಲ್ಲರಿಗೂ ಸರಿಯೆನಿಸಿತು. ಅವನು ಲಿಪ್‌ಸ್ಟಿಕ್ ಹಿಡಿದು ಬಲಗಡೆ ಕೂತ. ಪ್ಯಾಕಿಂಗ್ ವಿಭಾಗದ ಅಕ್ಕನೊಬ್ಬಳು ಪೌಡರ್ ಹಿಡಿದು ಎಡಗಡೆ ಕೂತಳು. “ಬಣ್ಣ ಕೂರೋಕೆ ಕೆಳಗೊಂದು ಪದರ ಬೇಕು,” ಎಂದು ಬಲಗೆನ್ನೆಗೆ ಹೊಸ ಕ್ರೀಮನ್ನೂ ಅವಳೇ ಬಳಿದಳು. ಇಬ್ಬರೂ ಏಕಕಾಲಕ್ಕೆ ಕೈಚಳಕ ತೋರಿಸಿದರು. ಮುಗಿದಾಗ ಕೆಂಪಾಗಿದ್ದ ಕೆನ್ನೆ ಬೆಳ್ಳಗಾಗಿತ್ತು, ಸರಿಯಿದ್ದ ಕೆನ್ನೆ ಕೆಂಪಗಾಗಿತ್ತು.

ಅಷ್ಟರಲ್ಲಿ ಕೆಳಗೆ ಕಾರಿನ ಬಾಗಿಲು ಬಡಿದ ಸದ್ದು. ಸೇಫ್ಟಿ ಸಾರ್ ಅವರನ್ನು ಸ್ಟೋರ್ ರೂಮಿಗೆ ತಳ್ಳಿ ಟಾಲ್ಕಂ ಚೀಲಗಳ ಹಿಂದೆ ಕೂರಿಸಿದರು.

ಇನ್‌ಸ್ಪೆಕ್ಟರ್ ಮೇಡಂ ನಗುವುದನ್ನು ಬಿಟ್ಟು ಬಹಳ ವರ್ಷಗಳಾದಂತೆ ಕಾಣುತ್ತಿದ್ದರು. ಪರೀಕ್ಷೆಯ ವರದಿಗಳನ್ನೆಲ್ಲ ಓದಿ, “ಎಲ್ಲಾ ಸರಿ ಇದೆ. ಇದನ್ನ ಮಾಡಿದವರೆಲ್ಲಿ?” ಎಂದರು.

“ರಜೆ ಮೇಲಿದ್ದಾರೆ ಮೇಡಂ,” ಎಂದರು ಮ್ಯಾನೇಜರ್.

ಸ್ಟೋರ್ ರೂಮಿನಿಂದ ಭಾರಿ ಸೀನೊಂದು ಬಂತು. ಹಿಂದೆಯೇ ಇನ್ನೊಂದು.

ಮೇಡಂ ಹೋಗಿ ಬಾಗಿಲು ತೆಗೆದರು. ಬಿಳಿ ಧೂಳಿನ ನಡುವೆ, ನಾಟಕದ ಮಧ್ಯೆ ಓಡಿಬಂದವರಂತೆ ಸೇಫ್ಟಿ ಸಾರ್ ಎದ್ದು ನಿಂತು ನಮಸ್ಕಾರ ಮಾಡಿದರು. ಮೇಡಂ ಒದ್ದೆ ಬಟ್ಟೆ ತರಿಸಿದರು. “ಮುಖ ಒರೆಸ್ಕೊಳ್ಳಿ.”

ಒರೆಸಿಕೊಂಡರು. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆ ಉರಿಯುತ್ತಿತ್ತು.

ಮ್ಯಾನೇಜರ್ ಬೆವರುತ್ತಲೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. “ಹೋಲಿಕೆ ಮೇಡಂ. ಎಡಗಡೆಗೆ ಮನೇಲಿ ಕಲಸಿದ್ದು, ಬಲಗಡೆಗೆ ನಮ್ಮ ಕ್ರೀಮು.”

“ನಿಜಾನಾ?” ಮೇಡಂ ಕೇಳಿದ್ದು ಸೇಫ್ಟಿ ಸಾರ್ ಅವರನ್ನು.

ಅವರು ಒಂದೊಂದಾಗಿ ಲೆಕ್ಕ ಹಾಕಿದರು. ಎಡಗಡೆಗೆ ಮನೆಯದ್ದು, ಹೌದು. ಬಲಗಡೆಗೆ ತಮ್ಮ ಕ್ರೀಮು, ಅದೂ ಹೌದು. “ನಿಜ ಮೇಡಂ,” ಎಂದರು.

ಮೇಡಂ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣಿಸಿತು. “ಅಡುಗೆಮನೇದು ಅಂದ ತಕ್ಷಣ ಜನ ಕಣ್ಮುಚ್ಚಿ ಹಚ್ಕೋತಾರೆ. ಎಷ್ಟು ಹೇಳಿದ್ರೂ ಕೇಳಲ್ಲ. ನೀವು ನಿಮ್ಮ ಮುಖದ ಮೇಲೇ ತೋರಿಸಿದ್ದೀರಿ. ಇಂಥ ಪರೀಕ್ಷಕರನ್ನ ನಾನು ನೋಡಿರ್ಲಿಲ್ಲ.” ಅಲ್ಲೇ ಅನುಮತಿಗೆ ಸಹಿ ಹಾಕಿದರು.

ಸೇಫ್ಟಿ ಸಾರ್ ಬೆಳಗಿನಿಂದ ಹಿಡಿದಿಟ್ಟ ಉಸಿರು ಬಿಟ್ಟರು. ಕೆಲಸ ಉಳಿಯಿತು, ಮಾನ ಉಳಿಯಿತು. ಇನ್ನು ಕೆನ್ನೆಗೆ ಒಂದಿಷ್ಟು ಮುಲಾಮು ಸಿಕ್ಕರೆ ಸಾಕು ಎನ್ನುವಷ್ಟು ಹಗುರಾದರು.

ಹೊರಟ ಮೇಡಂ ಬಾಗಿಲ ಬಳಿ ನಿಂತು ತಿರುಗಿದರು. “ನಿಮ್ಮದು ಇನ್ನೊಂದು ಅರ್ಜಿ ಬಾಕಿ ಇದೆ ಅಲ್ವಾ? ಅದಕ್ಕೂ ಹೀಗೇ ಅರ್ಧ ಹಚ್ಚಿ, ಅರ್ಧ ಬಿಟ್ಟು ತೋರಿಸಿ. ಇವರ ಮೇಲೇ ಆಗಬೇಕು. ಸೋಮವಾರ ಬರ್ತೀನಿ.”

ಕಾರು ಹೊರಟ ಮೇಲೆ ಸೇಫ್ಟಿ ಸಾರ್ ಕೇಳಿದರು, “ಬಾಕಿ ಇರೋದು ಯಾವ್ದು ಸಾರ್?”

“ಕೂದಲು ತೆಗೆಯೋ ಕ್ರೀಮು,” ಎಂದರು ಮ್ಯಾನೇಜರ್. ಮದುವೆಗೂ ಮುಂಚಿನಿಂದ ಸೇಫ್ಟಿ ಸಾರ್ ಸಾಕಿಕೊಂಡು ಬಂದಿದ್ದ ದಪ್ಪ ಮೀಸೆಯನ್ನು ಅವರು ಈ ಕೊನೆಯಿಂದ ಆ ಕೊನೆಯವರೆಗೆ ಪ್ರೀತಿಯಿಂದ ನೋಡಿದರು. “ಎಡಗಡೇದೋ, ಬಲಗಡೇದೋ? ನಿಮಗೆ ಯಾವ್ದು ಅನುಕೂಲ?”