ಯಾರೂ ನೋಡದ ಭಾನುವಾರದ ನೀರಿನ ಬಗ್ಗೆ ಇಂಟರ್ನ್‌ಶಿಪ್ ಸಂಯೋಜಕರಿಗೆ

ಜಲ ಪರೀಕ್ಷಾ ಕೇಂದ್ರದ ಇಂಟರ್ನ್‌ಶಿಪ್ ಸಂಯೋಜಕರಾದ ಮಾನ್ಯರೇ,

ಯಾರೂ ಮುಟ್ಟದ, ಯಾರೂ ನೋಡದ ನೀರನ್ನು ತಮ್ಮ ಕೇಂದ್ರ ಪ್ರತಿ ಭಾನುವಾರ ಶುದ್ಧವೆಂದು ಬರೆಯುತ್ತಿದೆ. ಇದು ಸುಳ್ಳು. ಇಷ್ಟು ಹೇಳಿದ ಮೇಲೆ, ತಮ್ಮ ಘನತೆಗೆ ಸಲ್ಲಬೇಕಾದ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ದಯವಿಟ್ಟು ಕುಳಿತಲ್ಲೇ ಸ್ವೀಕರಿಸಿ. ಎದ್ದು ಕಿಟಕಿಯ ಬಳಿ ಬಂದರೆ ಹಳ್ಳ ಕಣ್ಣಿಗೆ ಬಿದ್ದೀತು.

ನಮ್ಮನ್ನು ತಾವು ಎರಡು ವಾರ ಲ್ಯಾಬಿನಲ್ಲೂ ಎರಡು ವಾರ ಅದರ ಅಂಕಿಗಳನ್ನು ವರದಿಗೆ ಏರಿಸುವ ಡೇಟಾ ಕೋಣೆಯಲ್ಲೂ ಇರಿಸಿ, ಸೋಮವಾರದೊಳಗೆ ಒಂದನ್ನು ಆರಿಸಿಕೊಳ್ಳದವರ ಇಂಟರ್ನ್‌ಶಿಪ್ ರದ್ದು ಎಂದು ಅಪ್ಪಣೆ ಮಾಡಿದ್ದೀರಿ. ಎಂಥ ಉದಾರತೆ! ಕೈ ಉಳಿಸಲೋ ಕಣ್ಣು ಉಳಿಸಲೋ ಎಂದು ಕೇಳುವವರು ಯೋಚಿಸಲು ಇಷ್ಟು ಸಮಯವನ್ನು ಯಾರಿಗೆ ತಾನೇ ಕೊಡುತ್ತಾರೆ? "ಲ್ಯಾಬಲ್ಲಿ ಬಾಟಲಿ ತೊಳ್ಕೊಂಡು ಕೂತ್ರೆ ಅಷ್ಟೇ ಕಣಮ್ಮ, ಭವಿಷ್ಯ ಇರೋದು ಈ ಕಡೆ" ಎಂದು ಡೇಟಾ ಕೋಣೆಯ ಹಿರಿಯರು ಬುದ್ಧಿ ಹೇಳಿದರು. "ಅವರಾ? ನೀರು ಒದ್ದೆ ಅನ್ನೋದನ್ನೂ ಕಂಪ್ಯೂಟರ್ ಕೇಳಿ ತಿಳ್ಕೋತಾರೆ" ಎಂದು ಲ್ಯಾಬಿನ ಮೇಡಂ ಮೂಗು ಮುರಿದರು. ಇಬ್ಬರ ನಡುವೆ ಇರುವುದು ಒಂದೇ ಗಾಜಿನ ಬಾಗಿಲು. ಒದ್ದೆ ಚಪ್ಪಲಿಯವರಿಗೆ ಪ್ರವೇಶವಿಲ್ಲ ಎಂದು ಅದರ ಮೇಲೆ ತಾವೇ ಅಂಟಿಸಿದ್ದೀರಿ.

ಆ ಬಾಗಿಲಿನ ಮಹಿಮೆಯನ್ನು ಕೊಂಡಾಡದೆ ಇರಲಾರೆ. ಲ್ಯಾಬಿಗೆ ಭಾನುವಾರ ರಜೆ, ಹಾಗಾಗಿ ಅಂದು ಹಳ್ಳದ ನೀರನ್ನು ಯಾರೂ ತರುವುದಿಲ್ಲ. ಡೇಟಾ ಕೋಣೆಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಹಾಗಾಗಿ ಶನಿವಾರ ಮತ್ತು ಸೋಮವಾರದ ಸರಾಸರಿ ತೆಗೆದು ಭಾನುವಾರಕ್ಕೆ ತುಂಬುತ್ತಾರೆ. ಹೀಗೆ ತುಂಬುತ್ತಾರೆಂದು ಲ್ಯಾಬಿಗೆ ಗೊತ್ತಿಲ್ಲ. ತುಂಬಿದ್ದು ಯಾವ ನೀರೆಂದು ಡೇಟಾ ಕೋಣೆಗೆ ಗೊತ್ತಿಲ್ಲ. ಪಕ್ಕದ ಬಣ್ಣದ ಕಾರ್ಖಾನೆಯವರಿಗೆ ಮಾತ್ರ ಎರಡೂ ಗೊತ್ತಿರುವಂತಿದೆ, ಏಕೆಂದರೆ ತೊಟ್ಟಿಗಳ ಕೊಳಕು ನೀರನ್ನು ಅವರು ಹಳ್ಳಕ್ಕೆ ಬಿಡುವುದು ಭಾನುವಾರವೇ. ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹಳ್ಳ ಅಂದು ಕಡು ನೇರಳೆ. ಸೋಮವಾರ ಲ್ಯಾಬಿನವರು ಬಾಟಲಿ ಹಿಡಿದು ಬರುವ ಹೊತ್ತಿಗೆ ಬಣ್ಣವೆಲ್ಲ ಹರಿದುಹೋಗಿ, ನೀರು ಏನೂ ಅರಿಯದ ಮಗುವಿನಂತೆ ನಗುತ್ತಿರುತ್ತದೆ.

ಆ ಹಳ್ಳದ ದಡದಲ್ಲಿ, ಅದರ ನೀರನ್ನೇ ಹಾಯಿಸಿ, ನನ್ನ ಚಿಕ್ಕಮ್ಮ ಸೊಪ್ಪು ಬೆಳೆಯುತ್ತಾರೆ. ಅವರ ಮನೆ ನಡೆಯುವುದೇ ಅದರಿಂದ. ಮೂರು ಸಲ ಬಿತ್ತಿದ ಸೊಪ್ಪು ಮೂರು ಸಲವೂ ಅಂಚಿನಿಂದ ಕರಕಲಾಯಿತು. ನೀರು ಶುದ್ಧವಾಗಿದೆ ಎಂಬ ತಮ್ಮ ವರದಿಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಓದಿ ಬಂದು, "ನೀನೂ ಅಲ್ಲೇ ಇದ್ದೀಯಲ್ಲೇ, ನೀರಲ್ಲಿ ಏನೂ ಇಲ್ವಂತೆ. ಹಂಗಾದ್ರೆ ನನ್ನ ಕೈಯೇ ಸರಿಯಿಲ್ವಾ?" ಎಂದು ಕೇಳಿದರು. ಈಗ ಬಿತ್ತನೆಯನ್ನೇ ನಿಲ್ಲಿಸುವ ಮಾತಾಡುತ್ತಿದ್ದಾರೆ. ಅವರಿಗೆ ಏನು ಉತ್ತರ ಕೊಡಲಿ, ಮಾನ್ಯರೇ? ನಿಮ್ಮ ಕೈ ಸರಿಯಿದೆ ಚಿಕ್ಕಮ್ಮ, ನೀವು ಸರಾಸರಿಗಿಂತ ಒಂದು ದಿನ ಹೆಚ್ಚು ಬದುಕುತ್ತಿದ್ದೀರಿ, ಅದೇ ತಪ್ಪು ಎನ್ನಲೇ?

ಆದಕಾರಣ ತಮ್ಮಲ್ಲಿ ವಿನಂತಿ. ಭಾನುವಾರ ಹರಿಯಕೂಡದೆಂದು ಹಳ್ಳಕ್ಕೆ ಸುತ್ತೋಲೆ ಕಳುಹಿಸಿ. ಸೊಪ್ಪಿನ ಬೇರುಗಳಿಗೆ ವಾರದ ರಜೆ ಮಂಜೂರು ಮಾಡಿ, ಅಂದು ಬಾಯಾರಿಕೆಯನ್ನು ನಿಷೇಧಿಸಿ. ಇವೆರಡೂ ಕಷ್ಟವೆನಿಸಿದರೆ ಆ ಗಾಜಿನ ಬಾಗಿಲನ್ನು ತೆರೆಯಿರಿ. ನೀರನ್ನು ಕೈಯಾರೆ ತುಂಬಿ ತಂದವಳೇ ಅದರ ಅಂಕಿಯನ್ನೂ ಬರೆಯಲಿ. ಅಂಕಿ ಇಲ್ಲದ ಕಡೆ ಖಾಲಿಯೇ ಇರಲಿ. ವಿಜ್ಞಾನಕ್ಕೆ ಖಾಲಿ ಜಾಗದಿಂದ ಅವಮಾನವಾಗುವುದಿಲ್ಲ, ಮರ್ಯಾದಸ್ಥ ಸುಳ್ಳಿನಿಂದ ಆಗುತ್ತದೆ.

ತಾವು ಕೇಳಿದ ಆಯ್ಕೆಗೆ ನನ್ನ ಉತ್ತರ: ಎರಡೂ ಬೇಕು. ರದ್ದು ಮಾಡುವುದಾದರೆ ಮಾಡಿ. ಹಳ್ಳದ ದಾರಿ ತಮ್ಮ ಕಚೇರಿಯೊಳಗಿಂದ ಹಾದುಹೋಗುವುದಿಲ್ಲ.

ಸದ್ಯಕ್ಕೆ,
ತಮ್ಮ ವಿಶ್ವಾಸಿ,
ಒದ್ದೆ ಚಪ್ಪಲಿಯ ವಿದ್ಯಾರ್ಥಿನಿ

ಮರೆತ ಮಾತು: ಈ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕಾರ್ಖಾನೆಯ ಹಿಂದಿನ ಸೇತುವೆಯ ಕೆಳಗೆ ಬಾಟಲಿ ಹಿಡಿದು ನಿಂತಿರುತ್ತೇನೆ, ಚಿಕ್ಕಮ್ಮನೂ ಇರುತ್ತಾರೆ. ತಾವು ಬರಬೇಕು. ಬರಲಾಗದಿದ್ದರೆ ಸಂಕೋಚ ಬೇಡ. ಶನಿವಾರ ಕುರ್ಚಿಯಲ್ಲಿರುತ್ತೀರಿ, ಸೋಮವಾರವೂ ಕುರ್ಚಿಯಲ್ಲಿರುತ್ತೀರಿ, ಸರಾಸರಿ ತೆಗೆದು ಭಾನುವಾರವೂ ಕುರ್ಚಿಯಲ್ಲೇ ಇದ್ದಿರೆಂದು ಬರೆದು ಪಂಪ್‌ಹೌಸಿನ ಗೋಡೆಗೆ ಅಂಟಿಸುತ್ತೇನೆ.