ಹತ್ತು ನಮೋ ಮರಿಯಾ ಬೆಂದ ಅನ್ನ

ಮಾರ್ಚ್ ಹನ್ನೊಂದು, ಬುಧವಾರ, ಬೆಳಗ್ಗೆ ಏಳು ಇಪ್ಪತ್ತು. ಒಲೆಯ ಮೇಲೆ ಅನ್ನ ಕುದಿಯುತ್ತಿದೆ, ನಾನು ಬರೆಯಲು ಕೂತಿದ್ದೇನೆ.

ಹಾಸನದಲ್ಲಿ ಈ ವಾರ ಎಷ್ಟು ಜನರಿಗೆ ಕಷ್ಟ ಬಂದಿದೆ ಎಂದು ತಿಳಿಯಬೇಕೆ? ಪೇಪರು ಓದಬೇಡಿ. ನಮ್ಮ ದೊಡ್ಡಮ್ಮನ ಅನ್ನದ ಒಂದು ಅಗುಳು ಹಿಸುಕಿ ನೋಡಿ! ಬಿಡಿಬಿಡಿಯಾಗಿದ್ದರೆ ಊರು ಸುಖವಾಗಿದೆ. ಅಂಟಂಟಾಗಿದ್ದರೆ ಜನ ಕಷ್ಟದಲ್ಲಿದ್ದಾರೆ. ಗಂಜಿಯಾಗಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದೆ.

ವಿಷಯ ಇಷ್ಟೆ. ನಮ್ಮ ಕ್ರೈಸ್ತರಲ್ಲಿ ಒಂದು ಮಾತಿದೆ: "ಪ್ರಾರ್ಥನೇಲಿ ನೆನೆಸ್ಕೊಳ್ಳಿ." ಕೇಳಿಸಿಕೊಂಡವರು "ಖಂಡಿತಾ" ಎನ್ನುತ್ತಾರೆ. ಚರ್ಚಿನ ಗೇಟು ದಾಟುವಷ್ಟರಲ್ಲಿ ಇಬ್ಬರೂ ಮರೆತಿರುತ್ತಾರೆ. ಅದು ಸಭ್ಯರ ನಡುವಿನ ಒಪ್ಪಂದ. "ಊಟ ಆಯ್ತಾ?" ಎಂದವರಿಗೆ ಯಾರಾದರೂ ಪಲ್ಯ, ಸಾರು ಎಂದು ಪಟ್ಟಿ ಒಪ್ಪಿಸುತ್ತಾರೆಯೇ? ಈಗಂತೂ ಮೊಬೈಲಿನಲ್ಲಿ ಕೈಮುಗಿದ ಚಿತ್ರ ಒತ್ತಿದರೆ ನಮ್ಮ ಭಕ್ತಿ ಮುಗಿಯಿತು. ಒಂದು ಭಾನುವಾರ ನಮ್ಮ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ರೋಗಿಯ ಹೆಸರಿಗೆ ಬಿದ್ದದ್ದನ್ನು ಎಣಿಸಿದೆ: ಅರವತ್ಮೂರು ಜೊತೆ ಕೈಗಳು. ಅಷ್ಟೂ ಜನ ನಿಜವಾಗಿ ಪ್ರಾರ್ಥಿಸಿದ್ದರೆ ಆ ರೋಗಿ ಎದ್ದು ಹೈಜಂಪ್ ಮಾಡಬೇಕಿತ್ತು!

ಈ ಒಪ್ಪಂದದ ವಿಷಯವನ್ನು ದೊಡ್ಡಮ್ಮನಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ನೆನೆಸಿಕೊಳ್ಳಿ ಎಂದರೆ ಅವಳು ನಿಜಕ್ಕೂ ನೆನೆಸಿಕೊಂಡುಬಿಡುತ್ತಾಳೆ. ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಮೋ ಮರಿಯಾ ಜಪ. ಹೆಸರುಗಳೆಲ್ಲ ಒಲೆಯ ಪಕ್ಕದ ಚರ್ಚ್ ಕ್ಯಾಲೆಂಡರಿನ ಹಿಂಬದಿಯಲ್ಲಿವೆ. ಏನಾಯಿತೆಂದು ಅವರೇ ಬಂದು ಹೇಳಿದರೆ ಮಾತ್ರ ಹೆಸರಿನ ಮೇಲೆ ಗೆರೆ. ಇಲ್ಲದಿದ್ದರೆ ಜಪ ನಿಲ್ಲುವುದಿಲ್ಲ. ರೋಗ, ಮುಪ್ಪು, ಸಾವು ಯಾವುದಕ್ಕೂ ಅಂಜದ ಹೆಂಗಸು ಅಂಜುವುದು ಒಂದಕ್ಕೇ: ಸುದ್ದಿ ಹೇಳದ ಜನಕ್ಕೆ. ಅವಳ ಪಟ್ಟಿಯ ಮೊದಲ ಸಾಲು ಹನ್ನೊಂದು ವರ್ಷಗಳಿಂದ ಗೆರೆ ಕಾಣದೆ, ಪ್ರತಿ ಜನವರಿ ಹೊಸ ಕ್ಯಾಲೆಂಡರಿಗೆ ವರ್ಗವಾಗುತ್ತಿದೆ.

ಈ ಜಪವೇ ಅವಳ ಅಡುಗೆಮನೆಯ ಗಡಿಯಾರವೂ ಹೌದು. ಪಾತ್ರೆಗೆ ಅಕ್ಕಿ ಬಿದ್ದಾಗ ಶುರು, ಪಟ್ಟಿ ಮುಗಿದಾಗ ಒಲೆ ಬಂದ್. ಕುಕ್ಕರ್ ಇಲ್ಲವೇ ಎಂದರೆ, ಇದೆ, ಅಟ್ಟದಲ್ಲಿ. "ಅದು ಶಿಳ್ಳೆ ಹೊಡೆದ್ರೆ ನಂಗೆ ಎಣಿಕೆ ತಪ್ತದೆ ಕಣಮ್ಮಿ!" ಕೆಲಸಕ್ಕೆಂದು ಹಾಸನಕ್ಕೆ ಬಂದು ಇವರ ಮನೆ ಸೇರಿದ ಮೊದಲ ವಾರವೇ ನಾನು ಗಡಿಯಾರ ಹಿಡಿದು ಅಳೆದೆ. ಒಬ್ಬರಿಗೆ ಎರಡು ನಿಮಿಷ ನಲವತ್ತು ಸೆಕೆಂಡು. ಆರು ಜನರಿದ್ದರೆ ಅನ್ನ ಮಲ್ಲಿಗೆ. ಒಂಬತ್ತಾದರೆ ಅಂಟು. ಹದಿನಾಲ್ಕಾದರೆ ಕುಡಿಯಬಹುದು. ನಾಲ್ಕಕ್ಕಿಳಿದ ದಿನ ದೊಡ್ಡಪ್ಪ ತಟ್ಟೆಯನ್ನು ಟಣ್ ಟಣ್ ಎನ್ನಿಸಿ, "ಲೇ ಇವ್ಳೇ, ಯಾರಿಗಾದ್ರೂ ಸ್ವಲ್ಪ ಜ್ವರ ಬರ್ಲಿ ಅಂತ ಬೇಡ್ಕೊಳೇ, ನನ್ನ ಹಲ್ಲು ಉಳೀಲಿ" ಎಂದರು.

ಇನ್ನು ಸುದ್ದಿ ವಸೂಲಿ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದಮೇಲೆ ಇವಳ ವಿಚಾರಣೆಗೆ ಗಡಿಯೇ ಇಲ್ಲ. ಅರಕಲಗೂಡಿಗೆ ಹೋಗಿ ಒಬ್ಬರ ಸೊಂಟ ವಿಚಾರಿಸಿಕೊಂಡು ಊಟದ ಹೊತ್ತಿಗೆ ವಾಪಸ್ಸು! ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಪಾಯಸ ಬಡಿಸುತ್ತಿದ್ದಾಗ ಎದುರು ಪಂಕ್ತಿಯಲ್ಲಿ ಪಟ್ಟಿಯವರೊಬ್ಬರು ಕಣ್ಣಿಗೆ ಬಿದ್ದರು.

"ಏನ್ರೀ, ನಿಮ್ಮ ಮೂಲವ್ಯಾಧಿ ಏನಾಯ್ತು? ನಾನಿನ್ನೂ ನಿಲ್ಸಿಲ್ಲ!"

"ವಾಸಿ ಆಯ್ತು ಕಣಕ್ಕಾ, ನಿಲ್ಸ್ಬುಡಿ."

"ಪೂರ್ತಿನೋ, ಇಲ್ಲ ಇನ್ನೂ ರಕ್ತ..."

"ಪೂರ್ತಿ! ಅಯ್ಯೋ, ಪೂರ್ತಿ!"

ನನ್ನ ಅವತ್ತಿನ ದಿನಚರಿಯಲ್ಲಿ ಹೀಗಿದೆ: ಪಟ್ಟಿಯಿಂದ ಹೋದವರು ಒಬ್ಬರು, ಪಾಯಸ ಬಿಟ್ಟೆದ್ದವರು ಐವರು.

ನಾನು ಶೆಟ್ಟಿಹಳ್ಳಿಯ ಮುರಿದ ಚರ್ಚಿಗೆ ಕರೆದುಕೊಂಡು ಹೋದಾಗಲೂ ಅವಳು ಸುಮ್ಮನಿರಲಿಲ್ಲ. ಅಲ್ಲಿ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿತ್ತು. ಹುಡುಗಿ ನಗುತ್ತಾ, "ಆಶೀರ್ವಾದ ಮಾಡಿ ಅಜ್ಜಿ" ಎಂದಳು. ಎನ್ನಬಾರದಿತ್ತು. ಇಬ್ಬರ ಹೆಸರೂ ಪಟ್ಟಿಗೆ ಬಿತ್ತು.

"ಇನ್ನೂ ಮದುವೆನೇ ಆಗಿಲ್ಲ ದೊಡ್ಡಮ್ಮ, ಅವರಿಗೇನು ಕಷ್ಟ?"

"ಅದಕ್ಕೇ ಕಣಮ್ಮಿ, ಈಗ್ಲೇ ಶುರು ಮಾಡಿರೋದು."

ಪಟ್ಟಿಯ ಆ ಮೊದಲ ಸಾಲಿಗೆ ಬರುತ್ತೇನೆ. ಅಲ್ಲಿ ಹೆಸರಿಲ್ಲ. 'ಹಳೇಕೋಟೆ ಮಗು' ಎಂದಷ್ಟೇ ಇದೆ.

ದೊಡ್ಡಪ್ಪನಿಗೆ ಹಾಸನದಲ್ಲಿ ಹರ್ನಿಯಾ ಆಪರೇಷನ್ ಆದ ದಿನ ದೊಡ್ಡಮ್ಮ ಆಸ್ಪತ್ರೆಯ ಬೆಂಚಿನಲ್ಲಿ ಜಪಸರ ಹಿಡಿದು ಕೂತಿದ್ದಳಂತೆ. ಪಕ್ಕದಲ್ಲಿ ಕೆನ್ನೆಗೆ ಅರಿಶಿನ ಹಚ್ಚಿದ್ದ ಎಳೇ ಬಾಣಂತಿ. ಹಳೇಕೋಟೆ ಕಡೆಯವಳು. ಅವಳ ಹೆಣ್ಣು ಕೂಸನ್ನೂ ಆಪರೇಷನ್ನಿಗೆ ಒಳಗೆ ಒಯ್ದಿದ್ದರು. ಬಹಳ ಹೊತ್ತು ಜಪಸರವನ್ನೇ ನೋಡುತ್ತಿದ್ದವಳು, "ಅಕ್ಕಾ, ನಮ್ ದ್ಯಾವ್ರಿಗೆಲ್ಲಾ ಏಳಾಗೈತೆ. ನಿಮ್ ದ್ಯಾವ್ರಿಗೂ ಒಂದ್ ಮಾತ್ ಏಳ್ಬುಡಿ" ಎಂದಳಂತೆ.

"ನೀನು ಬಂದು ವಾಸಿ ಆಯ್ತು ಅನ್ನೋವರ್ಗೂ ಹೇಳ್ತೀನಿ" ಎಂದಳು ದೊಡ್ಡಮ್ಮ. ಅಷ್ಟರಲ್ಲಿ ದೊಡ್ಡಪ್ಪನನ್ನು ಹೊರಗೆ ತಂದರು, ಇವಳು ಸ್ಟ್ರೆಚರ್ ಹಿಂದೆ ಓಡಿದಳು. ಮರಳಿ ಬಂದಾಗ ಬೆಂಚು ಖಾಲಿ. ಯಾರನ್ನು ಕೇಳಿದರೂ ಗೊತ್ತಿಲ್ಲ. ಕೇಳುವುದಾದರೂ ಏನೆಂದು? ಹೆಸರೇ ಗೊತ್ತಿಲ್ಲವಲ್ಲ!

"ದೇವರಿಗೆ ಎಲ್ಲಾ ಗೊತ್ತಮ್ಮ, ಇನ್ನು ಬಿಟ್ಟುಬಿಡಿ" ಎಂದು ಫಾದರ್ ಕೂಡ ಹೇಳಿ ನೋಡಿದ್ದಾರೆ.

"ದೇವ್ರಿಗೆ ಗೊತ್ತು ಫಾದರ್. ನಂಗೆ ಗೊತ್ತಿಲ್ವಲ್ಲ!"

ನಾನೂ ಒಮ್ಮೆ ಜಾಣತನ ತೋರಿಸಿದೆ. "ಹನ್ನೊಂದು ವರ್ಷ ಆಯ್ತು ದೊಡ್ಡಮ್ಮ. ಮಗು ಒಂದೋ ಚೆನ್ನಾಗಿರುತ್ತೆ, ಇಲ್ಲಾಂದ್ರೆ..."

"ಆ 'ಇಲ್ಲಾಂದ್ರೆ'ನ ನೀನು ಹೇಳ್ಬೇಡ. ಹೆತ್ತೋಳು ಹೇಳ್ಬೇಕು."

ಫೆಬ್ರವರಿ ಇಪ್ಪತ್ತೆಂಟು, ಶನಿವಾರ. ಅವಳ ಜೊತೆ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ಹಳೇಕೋಟೆ ಬಸ್ಸು ಹಿಡಿದೆ. ಆಡಿಕೊಳ್ಳಲು ಒಂದು ಪುಟವಾದರೂ ಸಿಕ್ಕೀತು ಎಂಬುದೇ ನನ್ನ ಆಸೆ, ಸುಳ್ಳೇಕೆ? ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಅವಳು ಏನು ಮಾಡುತ್ತಾಳೆಂದು ಆಗ ತಿಳಿಯಿತು. ಶಾಲೆ ಬಿಡುವ ಹೊತ್ತಿಗೆ ರಸ್ತೆ ಬದಿಯಲ್ಲಿ ನಿಲ್ಲುತ್ತಾಳೆ. "ಈಗ ಆರನೇ ಕ್ಲಾಸಲ್ಲಿರ್ಬೇಕು ಕಣಮ್ಮಿ" ಎಂದಳು, ಸ್ವಂತ ಮೊಮ್ಮಗಳ ವಿಷಯ ಹೇಳುವಂತೆ. ಆ ವಯಸ್ಸಿನ ಹುಡುಗಿ ಬಂದರೆ ಸಾಕು, "ಅಮ್ಮಿ, ಚಿಕ್ಕೋಳಿದ್ದಾಗ ನಿಂಗೆ ಆಪ್ರೇಷನ್ ಆಗಿತ್ತಾ?"

ಹದಿನೇಳು ಹುಡುಗಿಯರನ್ನು ಕೇಳಿದಳು. ಹದಿನಾರು ಜನ "ಇಲ್ಲಾ ಅಜ್ಜಿ" ಎಂದು ಓಡಿದರು. ಒಬ್ಬಳು ಮೊಣಕಾಲಿನ ಗಾಯ ತೋರಿಸಿದಳು, ಸೈಕಲಿನಿಂದ ಬಿದ್ದದ್ದು. "ಸಾಲ್ದಾ ಅಜ್ಜಿ, ಇದು?" ದೊಡ್ಡಮ್ಮ ಅವಳ ಹೆಸರು ಬರೆದುಕೊಂಡಳು.

ವಾಪಸ್ಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಸಿಕ್ಕಿದೋರ ಕಾಯಿಲೆ ಕಸಾಲೆ ಎಲ್ಲಾ ಕೇಳ್ತೀನಿ. ಆ ಮಗೀನ ಹೆಸ್ರೊಂದ ಕೇಳ್ನಿಲ್ಲ ನೋಡು."

ನಾನು ದಿನಚರಿ ತೆಗೆಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಬೆರಳುಗಳು ಆಗಲೂ ಮಣಿ ಸರಿಸುತ್ತಿದ್ದವು.

ಇವತ್ತು ಬೆಳಗ್ಗೆ ಅಕ್ಕಿ ತೊಳೆಯುತ್ತಾ ಕೇಳಿದಳು, "ನನ್ನ ಅಡುಗೆ ಆಡ್ಕೊಂಡು ಪತ್ರಿಕೆಗೆ ಬರೀತೀಯಂತೆ? ಬರ್ಕೊ. ಎಷ್ಟು ಬೇಕಾದ್ರೂ ಆಡ್ಕೊ. ಕೊನೇಲಿ ಮಾತ್ರ ನಾನು ಹೇಳಿದ್ದು ಹಾಕು."

ಹಾಕಿದ್ದೇನೆ. ಹನ್ನೊಂದು ವರ್ಷದ ಹಿಂದೆ ಹಾಸನದ ಆಸ್ಪತ್ರೆಯ ಬೆಂಚಿನಲ್ಲಿ, ಜಪಸರ ಹಿಡಿದ ಅಪರಿಚಿತ ಹೆಂಗಸಿಗೆ ನಿಮ್ಮ ದೇವರಿಗೂ ಒಂದು ಮಾತು ಹೇಳಿ ಎಂದಿದ್ದ ಹಳೇಕೋಟೆ ಕಡೆಯ ತಾಯಿ ಇದನ್ನು ಓದಿದರೆ, ಅಥವಾ ಅವರನ್ನು ಬಲ್ಲವರು ಯಾರಾದರೂ ಓದಿದರೆ, ಪತ್ರಿಕೆಗೆ ಒಂದು ಸಾಲು ಬರೆಯಿರಿ. ಒಳ್ಳೆಯ ಸುದ್ದಿಯೇ ಆಗಬೇಕೆಂದಿಲ್ಲವಂತೆ. ಏನಾಗಿದ್ದರೂ ಬರೆಯಿರಿ. ಮಗುವಿನ ಹೆಸರನ್ನು ಮಾತ್ರ ಬಿಡಬೇಡಿ.